ಕಾಣೆಯಾದ ಒತ್ತಕ್ಷರ

ಕತ್ತೆಗೂ ಕತೆಗೂ ಇರುವ ಅಂತರವೆಷ್ಟು ಎಂದು ಯಾರಾದರೂ ಕೇಳಿದರೆ ನಗು ಬರುವುದು ಸಹಜ. ಆದರೆ ಕನ್ನಡದ ಬರವಣಿಗೆಯಲ್ಲಿ ಆ ಅಂತರವು ಒಂದೇ ಒಂದು ಒತ್ತಕ್ಷರದಷ್ಟು. ತಕಾರದ ಕೆಳಗಿರುವ ಆ ಪುಟ್ಟ ಒತ್ತು ಬಿದ್ದುಹೋದರೆ ಕತ್ತೆಯು ಕತೆಯಾಗುತ್ತದೆ, ಹಳ್ಳಿಯು ಹಳಿಯಾಗುತ್ತದೆ, ಅಂಗಳದ ಬಳ್ಳಿಯು ಬರಿಯ ಬಳಿಯಾಗುತ್ತದೆ. ಅಚ್ಚಿನ ಪುಸ್ತಕದಲ್ಲಿ ಇಂತಹ ಅನರ್ಥವು ನಡೆದರೆ ಕರಡು ತಿದ್ದಿದವರನ್ನು ನಾವು ಸುಮ್ಮನೆ ಬಿಡುವವರಲ್ಲ. ಆದರೆ ಈಗ ಮನೆಮನೆಯಲ್ಲಿಯೂ ಕೈಯಲ್ಲಿ ಹಿಡಿದು ಓದುವ ಮೊಬೈಲಿನ ತೆರೆಯ ಮೇಲೆ ಒತ್ತಕ್ಷರವು ಅರ್ಧ ಕತ್ತರಿಸಿಹೋಗಿರುವುದನ್ನೂ, ಹೆಸರುಗಳು ವಿಚಿತ್ರವಾಗಿ ಗಂಟುಬಿದ್ದಿರುವುದನ್ನೂ, ಅಕ್ಷರವಿರಬೇಕಾದ ಎಡೆಯಲ್ಲಿ ಬರಿಯ ಚೌಕವು ಕುಳಿತಿರುವುದನ್ನೂ ಕಂಡು, "ಯಂತ್ರಕ್ಕೆ ಕನ್ನಡ ಬಾರದು" ಎಂದು ನಿಟ್ಟುಸಿರಿಟ್ಟು ಮುಂದೆ ಹೋಗುತ್ತೇವೆ. ಈ ನಿಟ್ಟುಸಿರು ನ್ಯಾಯವಾದುದಲ್ಲ. ಪ್ರತಿಯೊಂದು ದೋಷಕ್ಕೂ ಒಂದು ಕಾರಣವಿದೆ. ಕ್ರಮವನ್ನರಿತು ಹುಡುಕಿದರೆ ಆ ಕಾರಣವು ಸಿಕ್ಕುತ್ತದೆ. ಮತ್ತು ಅದು ಅನೇಕ ವೇಳೆ ನಮ್ಮ ಕಣ್ಣಿಗೆ ದೋಷವು ಕಂಡ ಸ್ಥಳದಲ್ಲಿ ಇರುವುದಿಲ್ಲ. ಈ ಹುಡುಕಾಟದ ಕ್ರಮವೇ ಈ ತಿಂಗಳ ವಿಷಯ.

ಹುಡುಕಲು ಹೊರಡುವವನಿಗೆ ಮೊದಲು ದಾರಿಯು ತಿಳಿದಿರಬೇಕಷ್ಟೆ. ಅಕ್ಷರವು ನಮ್ಮ ಕಣ್ಣಿಗೆ ಬೀಳುವುದಕ್ಕೆ ಮುಂಚೆ ಎಲ್ಲೆಲ್ಲಿ ಹಾದು ಬರುತ್ತದೆಂಬುದನ್ನು ಹಳೆಯ ಅಚ್ಚುಕೂಟದ ನಿದರ್ಶನದಿಂದ ಸುಲಭವಾಗಿ ತಿಳಿಯಬಹುದು. ಅಲ್ಲಿ ಮೊದಲನೆಯದಾಗಿ ಲೇಖಕನ ಹಸ್ತಪ್ರತಿ. ಎರಡನೆಯದಾಗಿ ಪೆಟ್ಟಿಗೆಯಲ್ಲಿ ಕಾದಿರುವ ಸೀಸದ ಮೊಳೆಗಳು. ಮೂರನೆಯದಾಗಿ ಹಸ್ತಪ್ರತಿಯನ್ನು ನೋಡಿಕೊಂಡು ಮೊಳೆಗಳನ್ನಾರಿಸಿ ಜೋಡಿಸುವ ಕುಶಲಿ. ನಾಲ್ಕನೆಯದಾಗಿ ಜೋಡಿಸಿದ ಸಾಲುಗಳನ್ನು ಚೌಕಟ್ಟಿನೊಳಗೆ ಬಿಗಿದು ಪುಟವನ್ನು ಕಟ್ಟುವವನು. ಈ ನಾಲ್ವರಲ್ಲಿ ಯಾರು ತಪ್ಪಿದರೂ ಪುಟವು ಕೆಡುತ್ತದೆ. ಜಾಲಪುಟವನ್ನು ನಮಗೆ ತೋರಿಸುವ ಬ್ರೌಸರೆಂಬ ಸಾಧನವು ಈ ನಾಲ್ಕು ಕೆಲಸಗಳನ್ನೂ ನಾವು ಪುಟವನ್ನು ತೆರೆದ ಕ್ಷಣದಲ್ಲಿಯೇ, ನಮ್ಮ ಕೈಯಲ್ಲಿರುವ ಯಂತ್ರದೊಳಗೇ ನಡೆಸುತ್ತದೆ.

ಹಸ್ತಪ್ರತಿಯ ಸ್ಥಾನದಲ್ಲಿರುವುದು ಸಂಖ್ಯೆಗಳ ಒಂದು ಮಾಲೆ. ೧೯೯೧ರಲ್ಲಿ ಯೂನಿಕೋಡೆಂಬ ಜಾಗತಿಕ ಸಂಕೇತಪದ್ಧತಿಯ ಮೊದಲ ಆವೃತ್ತಿಯು ಪ್ರಕಟವಾದಾಗಲೇ ಕನ್ನಡಕ್ಕೆ ಅದರಲ್ಲಿ ೧೨೮ ಸ್ಥಾನಗಳ ಒಂದು ಕೇರಿಯು ದೊರೆಯಿತು. ನಮ್ಮ ಒಂದೊಂದು ಅಕ್ಷರಕ್ಕೂ ಸ್ವರಚಿಹ್ನೆಗೂ ಅಲ್ಲಿ ಒಂದೊಂದು ಸಂಖ್ಯೆಯುಂಟು. ಆದರೆ ಒತ್ತಕ್ಷರಗಳಿಗೆ ಪ್ರತ್ಯೇಕವಾದ ಸಂಖ್ಯೆಯಿಲ್ಲ. 'ಕತ್ತೆ' ಎಂಬುದು ಯಂತ್ರದಲ್ಲಿ ಕಕಾರ, ತಕಾರ, ವ್ಯಂಜನದ ಸ್ವರವನ್ನು ತೆಗೆಯುವ ಹಲಂತಚಿಹ್ನೆ, ಮತ್ತೊಂದು ತಕಾರ, ಕಡೆಯಲ್ಲಿ ಎತ್ವದ ಚಿಹ್ನೆ, ಹೀಗೆ ಐದು ಸಂಖ್ಯೆಗಳಾಗಿ ಇರುತ್ತದೆ. ಕಡೆಯಲ್ಲಿ ಬಂದ ಎತ್ವವು ತೆರೆಯ ಮೇಲೆ ಮೊದಲನೆಯ ತಕಾರದ ತಲೆಯನ್ನೇರುತ್ತದೆ. ಎರಡನೆಯ ತಕಾರವು ಒತ್ತಾಗಿ ಕೆಳಗಿಳಿಯುತ್ತದೆ. 'ಧರ್ಮ' ಎಂಬಲ್ಲಿ ಮಕಾರಕ್ಕೆ ಮುಂಚೆ ಬಂದ ರೇಫೆಯು ಅರ್ಕಾವತ್ತಾಗಿ ಮಕಾರದ ಹಿಂದೆ ಹೋಗಿ ನಿಲ್ಲುತ್ತದೆ. ಈ ಏರಿಳಿತಗಳನ್ನೆಲ್ಲ ಮಾಡುವುದು ಜೋಡಣೆಯ ಯಂತ್ರ. ಫೈರ್‌ಫಾಕ್ಸ್, ಕ್ರೋಮ್ ಎಂಬ ಬ್ರೌಸರುಗಳಲ್ಲಿ ಈ ಕೆಲಸವನ್ನು ಮಾಡುವುದರ ಹೆಸರು ಹರ್ಫ್‌ಬಜ್. ಪಾರಸಿಯಲ್ಲಿ ಹರ್ಫ್ ಎಂದರೆ ಅಕ್ಷರ, ಬಾಜ್ ಎಂದರೆ ತೆರೆದುದು. ಆಪಲ್ ಸಂಸ್ಥೆಯ ಯಂತ್ರಗಳಲ್ಲಿ ಇದೇ ಕೆಲಸಕ್ಕೆ ಕೋರ್‌ಟೆಕ್ಸ್ಟ್ ಎಂಬುದಿದೆ. ಮೊಳೆಗಳ ಪೆಟ್ಟಿಗೆಗೆ ಈಗ ಫಾಂಟು ಎಂದು ಹೆಸರು. ಪುಟವನ್ನು ಕಟ್ಟುವವನ ಕೆಲಸವನ್ನು ಸಿ.ಎಸ್.ಎಸ್. ಎಂಬ ವಿನ್ಯಾಸದ ನಿಯಮಾವಳಿಯು ನೋಡಿಕೊಳ್ಳುತ್ತದೆ. ಪಾಠ, ಫಾಂಟು, ಜೋಡಣೆ, ವಿನ್ಯಾಸ: ಕಳ್ಳನು ಈ ನಾಲ್ಕು ಮನೆಗಳಲ್ಲೊಂದರಲ್ಲಿ ಇರಲೇಬೇಕು.

ಈಗ ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಒಂದು ಪುಟದ ಶೀರ್ಷಿಕೆಯಲ್ಲಿ 'ಹಳ್ಳಿಯ ಶಾಲೆಗೆ ಹೊಸ ಗ್ರಂಥಾಲಯ' ಎಂದು ಇರಬೇಕಾಗಿದೆ; ಕಾಣುತ್ತಿರುವುದು 'ಹಳಿಯ ಶಾಲೆ' ಎಂಬಂತೆ. ಳಕಾರದ ಒತ್ತು ಬಹುಮಟ್ಟಿಗೆ ಮಾಯವಾಗಿದೆ. ಕೆಳಗಿನ ವಿವರಣೆಯಲ್ಲಿ ಅದೇ 'ಹಳ್ಳಿ' ಎಂಬ ಪದವು ಸರಿಯಾಗಿಯೇ ಇದೆ. ಮೊದಲು ಹೊಳೆಯುವ ಆಲೋಚನೆಯೆಂದರೆ, ಬರೆದವರು ತಪ್ಪಾಗಿ ಬರೆದಿದ್ದಾರೆ ಎಂಬುದು. ಆಲೋಚನೆಯಿಂದ ತೃಪ್ತರಾಗದೆ ಪರೀಕ್ಷೆ ಮಾಡತಕ್ಕದ್ದು. ಪರೀಕ್ಷೆಯು ಬಲು ಸುಲಭ: ಆ ಶೀರ್ಷಿಕೆಯ ಮೇಲೆ ಬೆರಳೊತ್ತಿ ಪದಗಳನ್ನು ನಕಲುಮಾಡಿಕೊಂಡು, ಬೇರೆಡೆಯಲ್ಲಿ, ಸ್ನೇಹಿತರಿಗೆ ಕಾಗದ ಬರೆಯುವ ಜಾಗದಲ್ಲಿಯೋ ಟಿಪ್ಪಣಿಯ ಪುಸ್ತಕದಲ್ಲಿಯೋ ಅಂಟಿಸುವುದು. ಅಲ್ಲಿ ಒತ್ತು ಮರಳಿ ಕಾಣಿಸಿಕೊಂಡರೆ ಪಾಠವು ನಿರ್ದೋಷಿ. ದೋಷವು ಪುಟದಲ್ಲಿಯೇ ಉಳಿದುಕೊಂಡಿತು. ಅಲ್ಲಿಯೂ ಒತ್ತು ಇಲ್ಲದಿದ್ದರೆ ದೋಷವು ಪಾಠದೊಡನೆಯೇ ಪ್ರಯಾಣ ಮಾಡಿತೆಂದು ಅರ್ಥ. ಈ ಒಂದು ಪರೀಕ್ಷೆಯಿಂದಲೇ ಹುಡುಕಬೇಕಾದ ಊರು ಎರಡು ಹೋಳಾಗಿ, ಒಂದು ಹೋಳನ್ನು ನಾವು ನಿಶ್ಚಿಂತೆಯಿಂದ ಬಿಡಬಹುದು. ನಮ್ಮ ನಿದರ್ಶನದಲ್ಲಿ ಒತ್ತು ಮರಳಿ ಬಂದಿತೆನ್ನೋಣ.

ಇನ್ನು ಫಾಂಟು ಮತ್ತು ಜೋಡಣೆ. ಕೆಳಗಿನ ವಿವರಣೆಯಲ್ಲಿ ಅದೇ ಫಾಂಟಿನಲ್ಲಿ, ಅದೇ ಬ್ರೌಸರಿನಲ್ಲಿ, ಅದೇ ಪದವು ಸರಿಯಾಗಿದೆಯೆಂಬುದೇ ಇವೆರಡರ ಪರವಾಗಿ ಸಾಕ್ಷಿ. ಆದರೂ ಇನ್ನೊಂದು ಬ್ರೌಸರಿನಲ್ಲಿ ಪುಟವನ್ನು ತೆರೆದು ನೋಡುವುದು ಒಳ್ಳೆಯದು. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ಹೆಸರು ಬೇರೆಯಾದ ಮಾತ್ರಕ್ಕೆ ಸಾಕ್ಷಿ ಬೇರೆಯಾಗುವುದಿಲ್ಲ. ಒಪೆರಾ ೨೦೧೩ರಲ್ಲಿಯೂ, ಮೈಕ್ರೋಸಾಫ್ಟಿನ ಎಡ್ಜ್ ೨೦೨೦ರಲ್ಲಿಯೂ ತಮ್ಮ ಸ್ವಂತ ಯಂತ್ರವನ್ನು ಬಿಟ್ಟು ಕ್ರೋಮಿನ ಮೂಲವಾದ ಕ್ರೋಮಿಯಂ ಯಂತ್ರವನ್ನೇ ಒಳಗೆ ಇಟ್ಟುಕೊಂಡವು. ಆದುದರಿಂದ ಕ್ರೋಮಿನಲ್ಲಿ ಕಂಡ ದೋಷವನ್ನು ಎಡ್ಜಿನಲ್ಲಿಯೂ ಕಂಡು "ಇಬ್ಬರೂ ಒಂದೇ ಮಾತು ಹೇಳುತ್ತಾರೆ" ಎಂದು ತೀರ್ಮಾನಿಸುವುದು, ಒಂದೇ ಮನೆಯ ಅಣ್ಣತಮ್ಮಂದಿರನ್ನು ಎರಡು ಸ್ವತಂತ್ರ ಸಾಕ್ಷಿಗಳೆಂದು ಎಣಿಸಿದಂತೆ. ಐಫೋನಿನಲ್ಲಂತೂ ಬಹುಕಾಲದವರೆಗೆ ಯಾವ ಹೆಸರಿನ ಬ್ರೌಸರಾದರೂ ಆಪಲಿನ ವೆಬ್‌ಕಿಟ್ ಯಂತ್ರವನ್ನೇ ಬಳಸಬೇಕೆಂಬ ಕಟ್ಟಳೆಯಿತ್ತು. ೨೦೨೪ರಲ್ಲಿ ಯೂರೋಪಿನ ಒಕ್ಕೂಟದ ದೇಶಗಳಿಗೆ ಮಾತ್ರ ಅದನ್ನು ಮೊದಲು ಸಡಿಲಿಸಿದರು. ನಿಜವಾದ ಎರಡನೆಯ ಸಾಕ್ಷಿ ಬೇಕಾದರೆ ಕ್ರೋಮಿನ ಎದುರಿಗೆ ಫೈರ್‌ಫಾಕ್ಸನ್ನೋ, ಆಪಲ್ ಯಂತ್ರದ ಸಫಾರಿಯನ್ನೋ ನಿಲ್ಲಿಸಬೇಕು. ನಮ್ಮ ಶೀರ್ಷಿಕೆಯು ಎಲ್ಲ ಕಡೆಯಲ್ಲಿಯೂ ಒಂದೇ ರೀತಿ ಕತ್ತರಿಸಿದ್ದರೆ, ಮಿಕ್ಕುಳಿದ ನಾಲ್ಕನೆಯ ಮನೆಯ ಬಾಗಿಲನ್ನೇ ತಟ್ಟಬೇಕು.

ಆದರೆ ಆ ನಾಲ್ಕನೆಯ ಮನೆಯು ಸಣ್ಣದಲ್ಲ. ಸಾಧಾರಣವಾದ ಒಂದು ಸುದ್ದಿಯ ಪುಟದಲ್ಲಿ ವಿನ್ಯಾಸದ ನಿಯಮಗಳು ನೂರಾರು ಇರುತ್ತವೆ. ಒಂದೊಂದನ್ನಾಗಿ ಪರೀಕ್ಷಿಸುತ್ತ ಕುಳಿತರೆ ಹೊತ್ತು ಮುಳುಗೀತು. ಇದಕ್ಕೆ ಅನುಭವಿಗಳು ಕಂಡುಕೊಂಡ ಉಪಾಯವು ನಮ್ಮ ಮನೆಗಳಲ್ಲಿ ದೀಪಾವಳಿಯ ವೇಳೆ ಕಾಣುವುದೇ ಆಗಿದೆ. ಸಾಲುದೀಪದ ಸರದಲ್ಲಿ ಒಂದು ಬುರುಡೆಯು ಕೆಟ್ಟು ಸರವೆಲ್ಲ ಕತ್ತಲೆಯಾದಾಗ, ಬಲ್ಲವನು ಮೊದಲನೆಯ ಬುರುಡೆಯಿಂದ ಹೊರಡುವುದಿಲ್ಲ. ಸರದ ಮಧ್ಯದಲ್ಲಿ ಪರೀಕ್ಷೆ ಮಾಡುತ್ತಾನೆ. ಅಲ್ಲಿಯವರೆಗೆ ಸರಿಯಿದ್ದರೆ ದೋಷವು ಆಚೆಯ ಅರ್ಧದಲ್ಲಿದೆ. ಇಲ್ಲವಾದರೆ ಈಚೆಯ ಅರ್ಧದಲ್ಲಿದೆ. ಉಳಿದ ಅರ್ಧವನ್ನು ಮತ್ತೆ ಅರ್ಧಮಾಡುತ್ತಾನೆ. ಹೀಗೆ ೧೦೦೦ ಬುರುಡೆಗಳ ಸರವಾದರೂ ಹತ್ತು ಪರೀಕ್ಷೆಗಳಲ್ಲಿ ಕೆಟ್ಟ ಬುರುಡೆಯು ಕೈಗೆ ಸಿಕ್ಕುತ್ತದೆ; ಏಕೆಂದರೆ ಎರಡನ್ನು ಹತ್ತು ಸಲ ಗುಣಿಸಿದರೆ ೧೦೨೪ ಆಗುತ್ತದೆ. ಪುಟದ ವಿಚಾರದಲ್ಲಿಯೂ ಇದೇ ಕ್ರಮ. ಪುಟದ ಒಂದು ನಕಲನ್ನು ತೆಗೆದುಕೊಂಡು, ಅದರಲ್ಲಿ ಅರ್ಧ ನಿಯಮಗಳನ್ನು ಅಳಿಸುವುದು. ದೋಷವು ಉಳಿದರೆ ಉಳಿದ ಅರ್ಧದಲ್ಲಿಯೇ ಕಾರಣವಿದೆ. ದೋಷವು ಮಾಯವಾದರೆ ಅಳಿಸಿದ ಅರ್ಧದಲ್ಲಿ ಕಾರಣದ ಒಂದು ಪಾಲಾದರೂ ಇದೆ. ಅರ್ಧ, ಅರ್ಧದ ಅರ್ಧ, ಎಂದು ಹೋಗುತ್ತ ಕೊನೆಗೆ ನಾಲ್ಕೈದು ಸಾಲುಗಳ ಒಂದು ಪುಟ್ಟ ಪುಟವು ಉಳಿಯುತ್ತದೆ. ಅದರಲ್ಲಿ ಒಂದು ಪದ, ಎರಡು ನಿಯಮ, ಮತ್ತು ನಮ್ಮ ದೋಷ: ಇಷ್ಟೇ. ತುಪ್ಪವಾಗುವವರೆಗೆ ಬೆಣ್ಣೆಯನ್ನು ಕಾಯಿಸಿದಂತೆ, ಬೇಡದ್ದೆಲ್ಲ ಹೋದ ಮೇಲೆ ಉಳಿದದ್ದೇ ಸತ್ಯ.

ಗಣಕಯಂತ್ರವಿದ್ದವರಿಗೆ ಇನ್ನೊಂದು ಅನುಕೂಲವುಂಟು. ಹೆಚ್ಚಿನ ಬ್ರೌಸರುಗಳಲ್ಲಿ ಎಫ್ ೧೨ ಎಂಬ ಕೀಲಿಯನ್ನೊತ್ತಿದರೆ ಪುಟದ ಒಳಗಟ್ಟು ಪಕ್ಕದಲ್ಲಿ ತೆರೆದುಕೊಳ್ಳುತ್ತದೆ. ಶೀರ್ಷಿಕೆಗೆ ಅನ್ವಯಿಸುವ ನಿಯಮಗಳು ಅಲ್ಲಿ ಒಂದರ ಕೆಳಗೊಂದು ಪಟ್ಟಿಯಾಗಿರುತ್ತವೆ. ಪ್ರತಿಯೊಂದರ ಮುಂದೆಯೂ ಒಂದು ಗುರುತು. ಗುರುತನ್ನು ತೆಗೆದರೆ ಆ ನಿಯಮವು ತಾತ್ಕಾಲಿಕವಾಗಿ ಮಲಗುತ್ತದೆ. ಇದರಿಂದ ಮೂಲ ಪುಟಕ್ಕೆ ಯಾವ ಹಾನಿಯೂ ಇಲ್ಲ. ಮತ್ತೊಮ್ಮೆ ಪುಟವನ್ನು ತೆರೆದರೆ ಎಲ್ಲವೂ ಮೊದಲಿನಂತೆಯೇ. ಹೀಗೆ ಒಂದೊಂದನ್ನು ಮಲಗಿಸುತ್ತ ಬಂದರೆ, 'ಓವರ್‌ಫ್ಲೋ ಹಿಡನ್' ಎಂಬ ನಿಯಮವು ಮಲಗಿದ ಕೂಡಲೆ ಳಕಾರದ ಒತ್ತು ಎದ್ದು ಬರುತ್ತದೆ. ಕಳ್ಳನು ಸಿಕ್ಕಿದನು.

ಸಿಕ್ಕಿದವನನ್ನು ವಿಚಾರಿಸಿದರೆ ತಿಳಿಯುವ ಸಂಗತಿ ಸ್ವಾರಸ್ಯವಾದುದು. ಪೆಟ್ಟಿಗೆಯ ಅಂಚನ್ನು ಮೀರಿದುದನ್ನು ಮರೆಮಾಡು ಎಂಬುದು ಆ ನಿಯಮದ ತಾತ್ಪರ್ಯ. ಅದನ್ನು ಅಲ್ಲಿಟ್ಟವರ ಉದ್ದೇಶ ಒಳ್ಳೆಯದೇ ಆಗಿತ್ತು: ಶೀರ್ಷಿಕೆಯು ತೀರ ಉದ್ದವಾದರೆ ಬಲಗಡೆಯಲ್ಲಿ ಕತ್ತರಿಸಿ ಮೂರು ಚುಕ್ಕೆಗಳನ್ನಿಡಬೇಕು, ಆ ಚುಕ್ಕೆಗಳು ಬರಬೇಕಾದರೆ ಈ ನಿಯಮವು ಇರಲೇಬೇಕು. ಆದರೆ ಬಲಗಡೆಯನ್ನು ಕತ್ತರಿಸಲು ಕೊಟ್ಟ ಕತ್ತರಿಯು ಕೆಳಗಡೆಯನ್ನೂ ಕತ್ತರಿಸುತ್ತದೆ. ಅದಕ್ಕೆ ಜೊತೆಯಾಗಿ ಇನ್ನೊಂದು ನಿಯಮವು, ಸಾಲಿನ ಎತ್ತರವು ಅಕ್ಷರದ ಅಳತೆಯಷ್ಟೇ ಇರಲಿ ಎಂದು ವಿಧಿಸಿದೆ. ೨೦ ಅಂಶದ ಅಕ್ಷರಕ್ಕೆ ೨೦ ಅಂಶದ ಸಾಲು. ಇಂಗ್ಲಿಷಿನಲ್ಲಿ ಸಾಲಿನ ಕೆಳಗೆ ಬಾಲವನ್ನಿಳಿಸುವ ಅಕ್ಷರಗಳು ಕೆಲವು ಮಾತ್ರ. ಅವುಗಳ ಬಾಲವೂ ಮೊಟುಕು. ಕನ್ನಡದಲ್ಲಾದರೋ ಒತ್ತುಗಳೆಲ್ಲ ಸಾಲಿನ ಕೆಳಗೆ ವಾಸಮಾಡುತ್ತವೆ. 'ರಾಷ್ಟ್ರ', 'ಸ್ತ್ರೀ' ಎಂಬಂತಹ ಪದಗಳಲ್ಲಿ ಎರಡೆರಡು ಒತ್ತುಗಳು ಒಟ್ಟಿಗೆ ಸೇರುತ್ತವೆ. ಒಬ್ಬರೇ ವಾಸಿಸುವ ಮನೆಯ ಅಳತೆಗೆ ಕಟ್ಟಿದ ಕೋಣೆಯಲ್ಲಿ ಸಂಸಾರವನ್ನಿರಿಸಿದರೆ ಏನಾಗಬೇಕೋ ಅದೇ ಆಗಿದೆ. ಎರಡು ನಿಯಮಗಳಲ್ಲಿ ಯಾವುದೊಂದೂ ತಾನಾಗಿ ಅಪರಾಧಿಯಲ್ಲ. ಅವೆರಡರ ಸಹವಾಸವೇ ಅಪರಾಧ. ಚಿಕಿತ್ಸೆಯೂ ಸುಲಭ: ಸಾಲಿನ ಎತ್ತರವನ್ನು ಅಕ್ಷರದ ಅಳತೆಯ ಒಂದೂವರೆಯಷ್ಟು ಮಾಡಿದರೆ ಸಾಮಾನ್ಯವಾಗಿ ಒತ್ತುಗಳು ಉಸಿರಾಡುತ್ತವೆ. ಜಾಲಪುಟಗಳಿಗೆ ನಿಯಮಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಎಂಬ ಅಂತರರಾಷ್ಟ್ರೀಯ ಮಂಡಲಿಯು ೨೦೧೮ರಲ್ಲಿ ಪ್ರಕಟಿಸಿದ ಸುಲಭಗ್ರಾಹ್ಯತೆಯ ಸೂತ್ರಗಳಲ್ಲಿ, ಓದುಗನು ಸಾಲಿನ ಎತ್ತರವನ್ನು ಒಂದೂವರೆಯಷ್ಟಕ್ಕೆ ಹೆಚ್ಚಿಸಿಕೊಂಡರೂ ಪುಟದ ಯಾವ ಭಾಗವೂ ಕಾಣೆಯಾಗಬಾರದೆಂದು ಹೇಳಿದೆ.

ಇದು ದೋಷವು ಪುಟದಲ್ಲಿಯೇ ಉಳಿದ ಪ್ರಸಂಗ. ಇನ್ನು ದೋಷವು ಪಾಠದೊಡನೆ ಪ್ರಯಾಣ ಮಾಡುವ ಪ್ರಸಂಗವೊಂದನ್ನು ನೋಡೋಣ. 'ರಾಜ್‌ಕುಮಾರ್' ಎಂಬ ಹೆಸರನ್ನು ಕನ್ನಡಿಗರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಆದರೆ ಕೆಲವು ಪುಟಗಳಲ್ಲಿ ಆ ಹೆಸರು 'ರಾಜ್ಕುಮಾರ್' ಎಂದು, ಜಕಾರದ ಕೆಳಗೆ ಕಕಾರವು ಒತ್ತಾಗಿ ಸಿಕ್ಕಿಕೊಂಡು ಕಾಣುತ್ತದೆ. 'ಸಾಫ್ಟ್‌ವೇರ್' ಎಂಬುದು 'ಸಾಫ್ಟ್ವೇರ್' ಎಂದು ಗಂಟುಬಿದ್ದು, ಓದುವ ಮಕ್ಕಳು ತಡವರಿಸುತ್ತಾರೆ. ನಕಲುಮಾಡಿ ಬೇರೆಡೆ ಅಂಟಿಸಿದರೂ ಗಂಟು ಬಿಡುವುದಿಲ್ಲ. ಆದುದರಿಂದ ದೋಷವು ಪಾಠದಲ್ಲಿಯೇ ಇದೆ.

ಕಾರಣವನ್ನು ಹೇಳುತ್ತೇನೆ. ಹಲಂತದ ಬಳಿಕ ವ್ಯಂಜನವು ಬಂದರೆ ಅದನ್ನು ಒತ್ತಾಗಿಸುವುದು ಜೋಡಣೆಯ ಯಂತ್ರದ ಧರ್ಮ. 'ಇಲ್ಲಿ ಮಾತ್ರ ಒತ್ತು ಬೇಡ, ಎರಡೂ ಅಕ್ಷರಗಳು ಬೇರೆಬೇರೆಯಾಗಿ ನಿಲ್ಲಲಿ' ಎಂದು ಅದಕ್ಕೆ ತಿಳಿಸಲು ಯೂನಿಕೋಡಿನಲ್ಲಿ ಒಂದು ವಿಶೇಷವಾದ ಸಂಕೇತವುಂಟು. ಝೀರೋ ವಿಡ್ತ್ ನಾನ್ ಜಾಯ್ನರ್ ಎಂದು ಅದರ ಹೆಸರು. ಅದಕ್ಕೆ ರೂಪವೂ ಇಲ್ಲ, ಅಗಲವೂ ಇಲ್ಲ. ಇಬ್ಬರ ನಡುವೆ ನಿಂತು ಜಗಳವನ್ನು ತಪ್ಪಿಸುವ ಅಗೋಚರನಾದ ಮಧ್ಯಸ್ಥನಂತೆ ಅದು ಇರುತ್ತದೆ. ಸರಿಯಾಗಿ ಬರೆದ 'ರಾಜ್‌ಕುಮಾರ್' ಎಂಬ ಹೆಸರಿನಲ್ಲಿ ಈ ಮಧ್ಯಸ್ಥನೂ ಸೇರಿ ೧೧ ಸಂಕೇತಗಳಿವೆ. ಗಂಟುಬಿದ್ದುದರಲ್ಲಿ ೧೦ ಮಾತ್ರ. ಹನ್ನೊಂದನೆಯವನು ಎಲ್ಲಿ ಹೋದನು? ಬರೆಯುವವರೇ ಹಾಕದಿರಬಹುದು. ಅಥವಾ ಪುಟವನ್ನು ಉಗ್ರಾಣಕ್ಕೆ ಸೇರಿಸುವ ಯಾವುದೋ ತಂತ್ರಾಂಶವು, ಕಣ್ಣಿಗೆ ಕಾಣದ ಸಂಕೇತಗಳೆಲ್ಲ ಕಸವೆಂದೋ ಮೋಸದ ಸಾಧನವೆಂದೋ ಬಗೆದು ಗುಡಿಸಿಹಾಕಿರಬಹುದು. ಇಂಗ್ಲಿಷನ್ನು ಮಾತ್ರ ಬಲ್ಲ ಪೊರಕೆಗೆ ಅದು ಕಸ. ಕನ್ನಡಕ್ಕೆ ಅದು ಅಕ್ಷರಸ್ವರೂಪದ ಕಾವಲುಗಾರ. ಇದರಿಂದಾಗುವ ಕಷ್ಟವು ಕಣ್ಣಿಗೆ ಮಾತ್ರವಲ್ಲ. ಸಂಕೇತಕ್ಕೆ ಸಂಕೇತವನ್ನು ಹೋಲಿಸಿ ಹುಡುಕುವ ಯಂತ್ರಕ್ಕೆ ೧೧ ಸಂಕೇತಗಳ ಹೆಸರೂ ೧೦ ಸಂಕೇತಗಳ ಹೆಸರೂ ಇಬ್ಬರು ಬೇರೆ ಬೇರೆ ವ್ಯಕ್ತಿಗಳು. ಒಂದು ಬಗೆಯಲ್ಲಿ ಬರೆದ ಹೆಸರನ್ನು ಇನ್ನೊಂದು ಬಗೆಯಲ್ಲಿ ಹುಡುಕಿದವನಿಗೆ, ಪಟ್ಟಿಯಲ್ಲಿ ತನ್ನ ಹೆಸರೇ ಇಲ್ಲವೆಂಬ ಉತ್ತರವು ಬರಬಹುದು.

ಈ ಅಗೋಚರನು ಹೋದಲ್ಲಿ ಗಂಟು ಬೀಳುವಂತೆ, ಇರಬಾರದ ಎಡೆಯಲ್ಲಿ ಬಂದರೂ ಅನರ್ಥವಾಗಬಹುದು. ಅದರ ಪ್ರಸಿದ್ಧ ನಿದರ್ಶನವು ನಮ್ಮ ಸೋದರಭಾಷೆಯಾದ ತೆಲುಗಿನದು. ೨೦೧೮ರ ಫೆಬ್ರುವರಿಯಲ್ಲಿ ಐಫೋನುಗಳಿಗೆ ಒಂದು ವಿಚಿತ್ರ ರೋಗವು ತಗುಲಿತು. ತೆಲುಗು ಲಿಪಿಯ 'ಜ್ಞಾ' ಎಂಬ ಒಂದು ಅಕ್ಷರಗುಚ್ಛವಿದ್ದ ಸಂದೇಶವು ಬಂದರೆ, ಅದನ್ನು ತೋರಿಸಲು ಹೊರಟ ತಂತ್ರಾಂಶವು ಹಾಗೆಯೇ ಕುಸಿದು ಮುಚ್ಚಿಕೊಳ್ಳುತ್ತಿತ್ತು. ಮತ್ತೆ ತೆರೆದರೆ ಮತ್ತೆ ಅದೇ ಗತಿ. ಲೋಕವೆಲ್ಲ "ತೆಲುಗಿನ ಒಂದಕ್ಷರವು ಫೋನನ್ನು ಕೊಲ್ಲುತ್ತದೆ" ಎಂದು ಆಡಿಕೊಂಡಿತು. ಆದರೆ ಕುತೂಹಲಿಗಳು ಆ ಗುಚ್ಛವನ್ನು ಬಿಡಿಸಿ ನೋಡಿದಾಗ, ಜಕಾರ, ಹಲಂತ, ಞಕಾರ ಇವುಗಳ ಬಳಿಕ, ಆಕಾರದ ಚಿಹ್ನೆಗೆ ಮುಂಚೆ ಆ ಅಗೋಚರ ಸಂಕೇತವು ಸೇರಿಕೊಂಡಿದ್ದುದು ಕಂಡಿತು. ಎಲ್ಲರೂ ದಿನವೂ ಬರೆಯುವ ಸಾಧಾರಣವಾದ 'ಜ್ಞಾ' ನಿರಪಾಯಕರವಾಗಿಯೇ ಇತ್ತು. ಒಂದೊಂದೇ ಅಂಗವನ್ನು ಬದಲಿಸಿ ಪರೀಕ್ಷಿಸಿದವರಿಗೆ, ಬಂಗಾಳಿ ಮತ್ತು ದೇವನಾಗರಿ ಲಿಪಿಗಳ ಕೆಲವು ಗುಚ್ಛಗಳೂ ಅದೇ ಕುಸಿತವನ್ನು ಉಂಟುಮಾಡುವುದು ತಿಳಿಯಿತು. ಎಂದರೆ ತಪ್ಪು ತೆಲುಗಿನದಲ್ಲ, ಫಾಂಟಿನದಲ್ಲ. ಜೋಡಣೆಯ ಯಂತ್ರವಾದ ಕೋರ್‌ಟೆಕ್ಸ್ಟಿನದು. ಅನಿರೀಕ್ಷಿತವಾದ ಆ ಕ್ರಮವನ್ನು ಕಂಡು ಅದು ತನ್ನ ಸ್ಮೃತಿಯನ್ನೇ ಕೆಡಿಸಿಕೊಳ್ಳುತ್ತಿತ್ತು. ಆಪಲ್ ಸಂಸ್ಥೆಯು ಫೆಬ್ರುವರಿ ೧೯ರಂದು ತಿದ್ದುಪಡಿಯನ್ನು ಹೊರಡಿಸಿತು. ದೋಷಕ್ಕೆ ಜನರು ಇಟ್ಟ ಹೆಸರು ಒಂದು, ದೋಷವಿದ್ದ ಸ್ಥಳ ಇನ್ನೊಂದು, ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ಬೇಕಿಲ್ಲ.

ವೈದ್ಯನು ನಾಲಗೆಯನ್ನು ನೋಡಿಯೇ ಕೆಲವು ರೋಗಗಳನ್ನು ಹೇಳುವಂತೆ, ತೆರೆಯ ಮೇಲಿನ ಕೆಲವು ಲಕ್ಷಣಗಳಿಂದಲೇ ದೋಷದ ಮನೆಯನ್ನು ಊಹಿಸಬಹುದು. ಅಕ್ಷರದ ಬದಲಿಗೆ ಬರಿಯ ಚೌಕಗಳು ಕಂಡರೆ ಫಾಂಟಿನಲ್ಲಿ ಆ ಮೊಳೆಯೇ ಇಲ್ಲ. ಇಂತಹ ಚೌಕಗಳನ್ನು ಆಂಗ್ಲರು ವಿನೋದವಾಗಿ ತೋಫು, ಎಂದರೆ ಸೋಯಾ ಗಿಣ್ಣಿನ ತುಂಡು, ಎನ್ನುತ್ತಾರೆ. ತೋಫು ಇಲ್ಲದಿರಲಿ ಎಂಬ ಅರ್ಥದಿಂದಲೇ ಗೂಗಲ್ ಸಂಸ್ಥೆಯು ಬಹು ಲಿಪಿಗಳಿಗಾಗಿ ಮಾಡಿಸಿದ ಫಾಂಟುಗಳಿಗೆ ನೋಟೋ ಎಂಬ ಹೆಸರು ಬಂದಿತು. ಚುಕ್ಕೆಗಳಿಂದಾದ ಒಂದು ಉಂಗುರವು ಕಂಡು ಅದಕ್ಕೆ ಸ್ವರಚಿಹ್ನೆಯು ಅಂಟಿದ್ದರೆ, ಆ ಚಿಹ್ನೆಗೆ ಆಶ್ರಯವಾಗಬೇಕಾದ ವ್ಯಂಜನವು ಅದರ ಹಿಂದೆ ಇಲ್ಲ. ಬರೆಯುವಾಗ ಕ್ರಮವು ತಪ್ಪಿದೆ. ತಲೆಯ ಮೇಲೆ ಓರೆಗೆರೆಯುಳ್ಳ ಒಂದು ರೋಮನ್ ಅಕ್ಷರವೂ, ಅದರ ಪಕ್ಕದಲ್ಲಿ ಪುಟ್ಟದಾದ ಎರಡು ಅಥವಾ ಮೂರರ ಅಂಕಿಯೂ ಮತ್ತೆ ಮತ್ತೆ ಬರುತ್ತಿದ್ದರೆ, ಪಾಠವು ಕೆಟ್ಟಿಲ್ಲ, ಓದುವ ಬಗೆ ಕೆಟ್ಟಿದೆ. ಯುಟಿಎಫ್ ೮ ಎಂಬ ಪ್ರಚಲಿತ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತವೂ ಮೂರು ತುಣುಕುಗಳಾಗಿ ಶೇಖರವಾಗುತ್ತದೆ. ಬ್ರೌಸರು ಆ ತುಣುಕುಗಳನ್ನು ಹಳೆಯ ಯೂರೋಪಿನ ಪದ್ಧತಿಯ ಬಿಡಿ ಅಕ್ಷರಗಳೆಂದು ಭ್ರಮಿಸಿದಾಗ ಈ ವೇಷವು ಕಾಣುತ್ತದೆ. ಒತ್ತಾಗಬೇಕಾದ ಅಕ್ಷರಗಳು ಹಲಂತವನ್ನು ಹೊತ್ತುಕೊಂಡು ಸಾಲಾಗಿ ನಿಂತಿದ್ದರೆ ಜೋಡಣೆಯನ್ನೋ ಫಾಂಟನ್ನೋ ಶಂಕಿಸಬೇಕು. ಒತ್ತು ಅಡ್ಡಲಾಗಿ ಕತ್ತರಿಸಿದಂತಿದ್ದರೆ ವಿನ್ಯಾಸವನ್ನು ಶಂಕಿಸಬೇಕು. ಆದರೆ ಲಕ್ಷಣವು ಶಂಕೆಗೆ ಮಾತ್ರ ಸಾಕು. ತೀರ್ಪಿಗೆ ಪರೀಕ್ಷೆಯೇ ಬೇಕು.

ಕಡೆಯದಾಗಿ, ಬ್ರೌಸರೇ ತಪ್ಪಿದ ಪ್ರಸಂಗ. ನಿನ್ನೆಯವರೆಗೆ ಸರಿಯಾಗಿದ್ದ ಪುಟವು ಬ್ರೌಸರಿನ ಹೊಸ ಆವೃತ್ತಿಯು ಬಂದ ಮೇಲೆ ಕೆಟ್ಟಿತೆನ್ನೋಣ. ಇಲ್ಲಿಯೂ ಅರ್ಧಮಾಡುವ ಉಪಾಯವೇ ಕೈಹಿಡಿಯುತ್ತದೆ. ಅರ್ಧಮಾಡಬೇಕಾದುದು ಪುಟವನ್ನಲ್ಲ, ಕಾಲವನ್ನು. ಫೈರ್‌ಫಾಕ್ಸನ್ನು ನಿರ್ಮಿಸುವ ಮೊಜಿಲ್ಲ ಸಂಸ್ಥೆಯು ಬ್ರೌಸರಿನ ದಿನದಿನದ ಪ್ರಾಯೋಗಿಕ ಪ್ರತಿಗಳನ್ನು ತಾರೀಖಿನೊಡನೆ ಕಾದಿಟ್ಟಿದೆ. ವರ್ಷದ ಆರಂಭದ ಪ್ರತಿಯಲ್ಲಿ ದೋಷವಿಲ್ಲ, ಕೊನೆಯ ಪ್ರತಿಯಲ್ಲಿದೆ ಎಂದು ತಿಳಿದರೆ, ನಡುವಿನ ತಾರೀಖಿನ ಪ್ರತಿಯನ್ನು ತೆರೆದು ನೋಡುವುದು. ಅಲ್ಲಿಂದ ಹಿಂದಕ್ಕೋ ಮುಂದಕ್ಕೋ ಸರಿಯುವುದು. ದಿನಕ್ಕೊಂದು ಪ್ರತಿಯಂತೆ ೩೬೫ ಪ್ರತಿಗಳಿದ್ದರೂ ಒಂಬತ್ತು ಪರೀಕ್ಷೆಗಳಲ್ಲಿ ದೋಷವು ಹುಟ್ಟಿದ ದಿನವು ಗೊತ್ತಾಗುತ್ತದೆ. ಈ ಕೆಲಸಕ್ಕೆಂದೇ ಮೊಜ್‌ರಿಗ್ರೆಶನ್ ಎಂಬ ಉಪಕರಣವನ್ನು ಮಾಡಿಟ್ಟಿದ್ದಾರೆ. ಅದು ಪ್ರತಿಗಳನ್ನು ತಾನೇ ತಂದು ತೆರೆಯುತ್ತದೆ, ನಾವು 'ಸರಿ' ಅಥವಾ 'ಕೆಟ್ಟಿದೆ' ಎಂದಷ್ಟೇ ಹೇಳಬೇಕು. ಹುಟ್ಟಿದ ದಿನವು ತಿಳಿದರೆ ಅಂದು ಯಾವ ಬದಲಾವಣೆಯನ್ನು ಸೇರಿಸಿದರೆಂಬುದೂ ತಿಳಿಯುತ್ತದೆ. ಬದಲಾವಣೆಯು ತಿಳಿದರೆ ತಿದ್ದುವವರ ಕೆಲಸವು ಅರ್ಧ ಮುಗಿದಂತೆಯೇ.

ತಿದ್ದುವವರಿದ್ದಾರೆಯೇ ಎಂದು ಕೇಳಬಹುದು. ಇದ್ದಾರೆ. ಫೈರ್‌ಫಾಕ್ಸ್, ಕ್ರೋಮಿಯಂ, ವೆಬ್‌ಕಿಟ್ ಈ ಮೂರಕ್ಕೂ ಯಾರು ಬೇಕಾದರೂ ಬರೆಯಬಹುದಾದ ದೂರಿನ ಪುಸ್ತಕಗಳುಂಟು. ಮೊಜಿಲ್ಲದವರ ಬಗ್‌ಜಿಲ್ಲ ಎಂಬುದು ೧೯೯೮ರಿಂದಲೂ ಇದೆ. ಆದರೆ "ಕನ್ನಡ ಸರಿಯಾಗಿ ಕಾಣುವುದಿಲ್ಲ, ದಯವಿಟ್ಟು ಸರಿಪಡಿಸಿ" ಎಂದು ಬರೆದರೆ ಅದರಿಂದ ಪ್ರಯೋಜನವು ಅಲ್ಪ. ಆ ದೂರನ್ನೋದುವವರಿಗೆ ಕನ್ನಡದ ಒಂದಕ್ಷರವೂ ತಿಳಿಯದಿರುವ ಸಂಭವವೇ ಹೆಚ್ಚು. ಹಳ್ಳಿಗೂ ಹಳಿಗೂ ಭೇದವುಂಟೆಂದು ಅವರು ಹೇಗೆ ಬಲ್ಲರು? ಆದುದರಿಂದ ದೂರು ಬರೆಯುವವರು ಆರು ಸಂಗತಿಗಳನ್ನು ಹೇಳಬೇಕು: ಯಂತ್ರ ಯಾವುದು, ಬ್ರೌಸರು ಯಾವುದು, ಅದರ ಆವೃತ್ತಿಯೆಷ್ಟು, ಹೇಗೆ ಕಾಣಬೇಕಾಗಿತ್ತು, ಹೇಗೆ ಕಾಣುತ್ತಿದೆ, ಮತ್ತು ದೋಷವನ್ನು ತೋರಿಸುವ ಅತಿ ಚಿಕ್ಕ ಪುಟ. ಸರಿಯಾದ ರೂಪದ ಮತ್ತು ಕೆಟ್ಟ ರೂಪದ ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟರಂತೂ, ಲಿಪಿಯನ್ನು ತಿಳಿಯದವನಿಗೂ ದೋಷವು ಕಣ್ಣಿಗೆ ಹೊಡೆಯುತ್ತದೆ. ದೋಷವು ಬ್ರೌಸರಿನದಲ್ಲದೆ ಪುಟದ್ದಾದರೆ, ಆ ಪುಟವನ್ನು ನಡೆಸುವವರಿಗೆ ಇದೇ ಸಂಗತಿಗಳನ್ನು ಬರೆಯಬೇಕು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಶ್ರಮವೇಕೆಂದು ಕೆಲವರಿಗೆ ಅನ್ನಿಸಬಹುದು. ಓದಬಲ್ಲ ಪ್ರೌಢರಿಗೆ ನಿಜವಾಗಿಯೂ ಇದು ಸಣ್ಣ ವಿಷಯವೇ. ಒತ್ತು ಅರ್ಧ ಹೋದರೂ ಸಂದರ್ಭವನ್ನು ನೋಡಿ ಅವರು ತುಂಬಿಕೊಂಡು ಓದುತ್ತಾರೆ. ಕಷ್ಟವಿರುವುದು ಹೊಸದಾಗಿ ಅಕ್ಷರ ಕಲಿಯುವ ಮಗುವಿಗೆ. ಅದು ತಾನು ಕಂಡ ರೂಪವನ್ನೇ ಸರಿಯಾದ ರೂಪವೆಂದು ನಂಬುತ್ತದೆ. ಪಾಠಶಾಲೆಯ ಪುಸ್ತಕಕ್ಕಿಂತ ಹೆಚ್ಚು ಹೊತ್ತು ತೆರೆಯನ್ನೇ ನೋಡುವ ಮಕ್ಕಳಿರುವ ಕಾಲವಿದು. ಅಚ್ಚುಕೂಟಗಳ ಆದಿಕಾಲದಿಂದಲೂ ಮೊಳೆ ಎರಕಹೊಯ್ಯುವವರು, ಜೋಡಿಸುವವರು, ಕರಡು ತಿದ್ದುವವರು ಕನ್ನಡದ ಒತ್ತುಗಳನ್ನು ಕಾಪಾಡಿಕೊಂಡು ಬಂದರು. ಒಂದು ಒತ್ತಿಗಾಗಿ ಪುಟವನ್ನೇ ಬಿಚ್ಚಿ ಕಟ್ಟಿದರು. ಈಗ ಪುಟವು ಕಟ್ಟಾಗುವುದು ಓದುಗನ ಅಂಗೈಯಲ್ಲಿ; ಕರಡು ತಿದ್ದುವವನು ಅಲ್ಲಿ ಯಾರೂ ಇಲ್ಲ. ಆ ಕೆಲಸವು ಓದುಗನ ಪಾಲಿಗೆ ಬಂದಿದೆ. ದೋಷವನ್ನು ಕಂಡಾಗ ನಿಟ್ಟುಸಿರಿಡುವ ಬದಲು ಪದವನ್ನು ನಕಲುಮಾಡಿ ಬೇರೆಡೆ ಅಂಟಿಸಿ ನೋಡುವುದಕ್ಕೆ ಅರ್ಧ ನಿಮಿಷವೂ ಬೇಕಾಗದು. ಬಾಲ್ಯದಲ್ಲಿ ಒಗಟುಗಳನ್ನು ಬಿಡಿಸಿದ ಉತ್ಸಾಹವು ಉಳಿದಿರುವವರಿಗೆ ಮುಂದಿನ ಹೆಜ್ಜೆಗಳೂ ಕಷ್ಟವಲ್ಲ. ಮನೆಯಲ್ಲಿ ಹೈಸ್ಕೂಲು ಓದುವ ಮಕ್ಕಳಿದ್ದರೆ ಅವರನ್ನೂ ಜೊತೆಗೆ ಕೂಡಿಸಿಕೊಳ್ಳಬಹುದು. ದೋಷವು ಸಿಕ್ಕಿದ ಬಳಿಕ ನಾಲ್ಕು ಸಾಲು ಬರೆದು ತಿಳಿಸಿದರೆ, ಒಂದು ಮನೆಯಲ್ಲಿ ಕಂಡುಹಿಡಿದ ಒತ್ತು ಸಾವಿರ ಮನೆಗಳಲ್ಲಿ ತನ್ನ ಸ್ಥಾನಕ್ಕೆ ಮರಳುವುದು.